ತುಕ್ಕಿನ ಪುಟ್ಟರಾಜು ಮತ್ತು ಎರಡು ಕಬ್ಬಿಣದ ಟೋಪಿ

ಅರಸೀಕೆರೆಯಲ್ಲಿ ಪುಟ್ಟರಾಜು ಅಂದರೆ ಯಾವ ಪುಟ್ಟರಾಜು ಎಂದು ಕೇಳುತ್ತಾರೆ. ತುಕ್ಕಿನ ಪುಟ್ಟರಾಜು ಅಂದರೆ ಮುಗಿಯಿತು. ಆಟೋದವರು ಮರುಮಾತಾಡದೆ ಹುಳಿಯಾರು ರಸ್ತೆಯ ತಗಡಿನ ಶೆಡ್ಡಿನ ಮುಂದೆ ತಂದು ಇಳಿಸುತ್ತಾರೆ.

ಹುಟ್ಟಿದ್ದು ಕಣಕಟ್ಟೆಯಲ್ಲಿ. ಶಾಲೆ ಒಗ್ಗಲಿಲ್ಲ, ಶಾಲೆಗೂ ಅವನು ಒಗ್ಗಲಿಲ್ಲ. ಹದಿನಾರಕ್ಕೆ ಅರಸೀಕೆರೆಗೆ ಬಂದು ಲಾರಿಗಳ ಟಿಂಕರಿಂಗ್ ಕಲಿತ. ಈ ಕಡೆ ಲಾರಿಗಳೆಲ್ಲ ತೆಂಗಿನಕಾಯಿ ಹೊರುವ ಲಾರಿಗಳು. ಎಳನೀರು ಸೋರಿ ಸೋರಿ ಅವುಗಳ ತಳ ಜರಡಿಯಾಗಿರುತ್ತದೆ. ಮೂವತ್ತೈದು ವರ್ಷ ಆ ಜರಡಿಗಳ ಕೆಳಗೆ ಅಂಗಾತ ಮಲಗಿ, ಬಾಯಿಗೆ ಮೂಗಿಗೆ ತುಕ್ಕಿನ ಪುಡಿ ಬೀಳಿಸಿಕೊಂಡವನಿಗೆ ತುಕ್ಕಿನ ಮೇಲೆ ಎಂಥ ಪ್ರೀತಿ ಇದ್ದೀತು? ಕಂಡಲ್ಲಿ ಕೆರೆಯುತ್ತಿದ್ದ. ಮದುವೆ ಮನೆಗೆ ಹೋದರೆ ಊಟಕ್ಕೆ ಮೊದಲು ಗೇಟಿನ ತಿರುಗಣೆ ನೋಡುತ್ತಿದ್ದ. ಆಸ್ಪತ್ರೆಯಲ್ಲಿ ಮಾವನನ್ನು ನೋಡಲು ಹೋದವನು ಮಂಚದ ಕಾಲನ್ನು ಉಗುರಲ್ಲಿ ಕೆರೆದು, "ಇದು ಇನ್ನೊಂದು ವರ್ಷ ಬರಲ್ಲ" ಅಂದುಬಿಟ್ಟಿದ್ದ. ಮಾವ ಅದು ತನ್ನ ವಿಷಯ ಎಂದುಕೊಂಡು ಎರಡು ದಿನ ಔಷಧಿ ಮುಟ್ಟಲಿಲ್ಲ.

ಹೆಂಡತಿ ಮಂಜುಳಾ ಬೇಲೂರಿನವಳು. ಮದುವೆಯಾದ ಹೊಸದರಲ್ಲಿ ಅವಳು ಗಂಡನನ್ನು ಹಳೇಬೀಡು ನೋಡಲು ಕರೆದುಕೊಂಡು ಹೋದಳು. ಸೊಂಡಿಲು ಮುರಿದ ಆನೆಯೊಂದರ ಮುಂದೆ ಪುಟ್ಟರಾಜು ಬಹಳ ಹೊತ್ತು ನಿಂತ. ಶಿಲ್ಪಕಲೆಗೆ ಮನಸೋತ ಎಂದು ಅವಳಿಗೆ ಸಂತೋಷವಾಯಿತು. ಅವನು ತಿರುಗಿ, "ತೂತು ಮುಚ್ಚೋ ಪುಟ್ಟಿ ಎರಡು ಡಬ್ಬ ಕೊಟ್ರೆ ಸಂಜೆಯೊಳಗೆ ಸೊಂಡ್ಲು ಕೂರಿಸ್ತೀನಿ. ಗೊತ್ತೇ ಆಗಲ್ಲ" ಅಂದ. ಪಕ್ಕದಲ್ಲಿದ್ದ ಗೈಡು ತನ್ನ ಗಿರಾಕಿಗಳನ್ನು ದೂರ ಸರಿಸಿಕೊಂಡು ಹೋದ.

ಅದು ಬರೀ ಮಾತು, ಬಿಡಿ. ಕೈಯಲ್ಲಿ ಮಾಡಿದ್ದು ಇನ್ನೊಂದಿತ್ತು. ಅತ್ತೆ ಕೊಟ್ಟ ಕಬ್ಬಿಣದ ದೋಸೆ ಕಾವಲಿ ಕಪ್ಪಗಿದೆ ಎಂದು ಗ್ರೈಂಡರ್ ಹಿಡಿದು ಬೆಳ್ಳಿ ಮಾಡಿಕೊಟ್ಟಿದ್ದ. ನಲವತ್ತು ವರ್ಷ ಎಣ್ಣೆ ಕುಡಿದು ಪಳಗಿದ್ದ ಕಾವಲಿ. ಆಮೇಲೆ ಮೂರು ತಿಂಗಳು ಆ ಮನೆಯಲ್ಲಿ ದೋಸೆ ಏಳಲಿಲ್ಲ, ಚೂರು ಚೂರಾಗಿ ಬಂತು. ಮಂಜುಳಾ ಅದನ್ನು ಮರೆತಿಲ್ಲ. ಮರೆಯುವ ಉದ್ದೇಶವೂ ಅವಳಿಗಿಲ್ಲ.

ಇಂಥವನ ಶೆಡ್ಡಿಗೆ ಒಂದು ಬೆಳಿಗ್ಗೆ ಮಧುಕುಮಾರ್ ಎಂಬ ಹೈಸ್ಕೂಲು ಮೇಷ್ಟ್ರು ಗೋಣಿಚೀಲ ಹಿಡಿದು ಬಂದರು. ಊರು ಮಾದಿಹಳ್ಳಿ, ಹಳೇಬೀಡಿನ ಹತ್ತಿರ. ಚೀಲ ಕೊಡವಿದರು. ಎರಡು ಕಬ್ಬಿಣದ ಟೋಪಿ ಠಣ್ಣೆಂದು ಬಿದ್ದವು. ಅಗಲ ಅಂಚಿನವು, ಬೋರಲು ಹಾಕಿದ ತಟ್ಟೆಯಂಥವು. ಒಂದಕ್ಕೆ ಒಳಗೆ ಚರ್ಮದ ಪಟ್ಟಿ ಇನ್ನೂ ನೇತಾಡುತ್ತಿತ್ತು. ಇನ್ನೊಂದು ಬರೀ ಬೋಳು, ಅದರಲ್ಲಿ ಕೋಳಿ ಹಿಕ್ಕೆ ಒಣಗಿತ್ತು.

"ಎರಡನೇ ಮಹಾಯುದ್ಧದ್ದು ಕಣ್ರೀ," ಅಂದರು ಮೇಷ್ಟ್ರು. "ನಮ್ಮೂರಿಂದ ಇಬ್ಬರು ಬರ್ಮಾಕ್ಕೆ ಹೋಗಿದ್ರು. ಒಬ್ಬರು ಹನುಮಂತಯ್ಯನವರ ತಂದೆ ಸಣ್ಣಪ್ಪನವರು. ದೊಡ್ಡ ಜಮೀನ್ದಾರ ಮನೆ. ಇನ್ನೊಬ್ಬರು ನಮ್ಮ ತಾತ ಗಿಡ್ಡಯ್ಯ. ಪಂಚಾಯ್ತಿ ಲೈಬ್ರರೀಲಿ ಗಾಜಿನ ಪೆಟ್ಟಿಗೆ ಮಾಡಿಸಿದ್ದಾರೆ, ಎರಡನ್ನೂ ಇಡಬೇಕು. ಫಳಫಳ ಅನ್ನಬೇಕು ಅಂತ ಹನುಮಂತಯ್ಯನವರು ಹೇಳವ್ರೆ."

"ಅನ್ನುತ್ತೆ ಬಿಡಿ," ಎಂದು ಪುಟ್ಟರಾಜು ಆಗಲೇ ವೈರ್ ಬ್ರಷ್ಷಿಗೆ ಕೈ ಹಾಕಿದ್ದ.

"ತಡೀರಿ. ಹನುಮಂತಯ್ಯನವರದ್ದು ಮಾಡಿ. ನಮ್ಮದು ಒಂದೆರಡು ದಿನ ಬಿಡಿ. ನನ್ನ ಹೆಂಡತಿ ಶಿಲ್ಪಶ್ರೀ ಬೇಲೂರಲ್ಲಿ ಹಿಸ್ಟರಿ ಲೆಕ್ಚರರು. ಹಳೇ ವಸ್ತು ಇದ್ದಂಗೇ ಇಡಬೇಕು, ಉಜ್ಜಿದ್ರೆ ಹಾಳಾಗುತ್ತೆ ಅಂತಾಳೆ. ಹಿಂಗೇ ಇಟ್ರೆ ಸಣ್ಣಪ್ಪನವರ ಟೋಪಿ ಪಕ್ಕದಲ್ಲಿ ನಮ್ಮ ತಾತಂದು ಗುಜರಿ ಥರ ಕಾಣುತ್ತೆ ಅಂತ ನಾನು. ಮನೇಲಿ ಇನ್ನೂ ತೀರ್ಮಾನ ಆಗಿಲ್ಲ."

"ತುಕ್ಕು ಕಾಪಾಡೋದಾ?" ಪುಟ್ಟರಾಜುಗೆ ನಗು ತಡೆಯಲಿಲ್ಲ. "ಮೇಡಮ್ಮೋರಿಗೆ ಹೇಳಿ ಸಾರ್, ತುಕ್ಕು ಅನ್ನೋದು ಕಜ್ಜಿ ಇದ್ದಂಗೆ. ಕಜ್ಜೀನ ಯಾರಾದ್ರೂ ಕಾಪಾಡ್ತಾರಾ?"

ಸಣ್ಣಪ್ಪನವರ ಟೋಪಿ ಅರ್ಧ ದಿನದ ಕೆಲಸ. ಚರ್ಮದ ಪಟ್ಟಿ ಕತ್ತರಿಸಿ ಮೂಲೆಗೆ ಎಸೆದ. ಹಳೇ ಬಣ್ಣಕ್ಕೆ ರಿಮೂವರ್ ಬಳಿದ. ಗ್ರೈಂಡರ್, ಎಮರಿ ಪೇಪರ್, ಪ್ರೈಮರ್. ಮೇಲೆ ಯಾರದೋ ಜೀಪಿಗೆ ತಂದು ಉಳಿದಿದ್ದ ಮಿಲಿಟರಿ ಹಸಿರು. ಸಂಜೆ ಬಿಸಿಲಲ್ಲಿ ನೇತುಹಾಕಿದರೆ ಅದು ನಿಜಕ್ಕೂ ಫಳಫಳ ಎಂದಿತು. ದಾರಿಯಲ್ಲಿ ಹೋಗುತ್ತಿದ್ದವನೊಬ್ಬ ನಿಂತು, "ಏನ್ಲಾ ಪುಟ್ಟ, ಹೊಸದಾಗಿ ಡಿಶ್ ಆಂಟೆನಾ ಮಾಡೋಕೆ ಶುರು ಮಾಡ್ದಾ?" ಎಂದು ಕೇಳಿದ. ಪುಟ್ಟರಾಜುಗೆ ಅದು ಅಷ್ಟು ಹಿಡಿಸಲಿಲ್ಲ. ಹತ್ತಿರ ಹೋಗಿ ನೋಡಿದ. ಕೆಲಸದಲ್ಲಿ ಕೊರತೆ ಇರಲಿಲ್ಲ. ಅದು ಯಾರ ತಲೆಯ ಮೇಲೂ ಕೂತ ಹಾಗೆ ಮಾತ್ರ ಕಾಣುತ್ತಿರಲಿಲ್ಲ.

ಇನ್ನೊಂದು ಟೋಪಿ ಬೆಂಚಿನ ಮೇಲೆ ಎರಡು ದಿನ ಕೂತಿತ್ತು. ಮೂರನೇ ದಿನ ಅವನಿಗೆ ತಡೆಯಲಾಗಲಿಲ್ಲ. ತೀರ್ಮಾನ ಆಗುವ ಹೊತ್ತಿಗೆ ಒಂದಿಷ್ಟು ಉಜ್ಜಿರೋಣ, ಆಮೇಲೆ ಸುಲಭವಾಗುತ್ತೆ ಎಂದು ತನಗೆ ತಾನೇ ಹೇಳಿಕೊಂಡು ನೆತ್ತಿಯ ಹತ್ತಿರ ಅಂಗೈಯಗಲ ಕೆರೆದ. ಬ್ರಷ್ಷು ಯಾವುದಕ್ಕೋ ತಗುಲಿತು.

ನೆತ್ತಿಯಲ್ಲಿ ತಾಮ್ರದ ರಿವೆಟ್ಟು.

ಸಣ್ಣಪ್ಪನವರ ಟೋಪಿಯಲ್ಲಿ ಆ ಜಾಗದಲ್ಲಿ ಒಂದು ತೂತಿತ್ತು, ಒಳಗಿನ ಪಟ್ಟಿಯನ್ನು ಹಿಡಿಯುವ ಸ್ಕ್ರೂಗೆ. ಇದರಲ್ಲಿ ಯಾರೋ ಆ ತೂತಿಗೆ ತಾಮ್ರ ಹಾಕಿ, ಒಳಗೂ ಹೊರಗೂ ಬಡಿದು, ಒಂದು ಹನಿ ಸೋರದ ಹಾಗೆ ಮುಚ್ಚಿದ್ದರು. ಮೂವತ್ತೈದು ವರ್ಷ ತಗಡು ಬಡಿದವನಿಗೆ ಅದು ಅಚ್ಚುಕಟ್ಟು ಕೆಲಸ ಎಂದು ಕೂಡಲೇ ತಿಳಿಯಿತು. ಆದರೆ ತಲೆಗೆ ಹಾಕುವ ಟೋಪಿ ಸೋರಬಾರದು ಎಂದು ಯಾರಿಗೆ ಯಾಕೆ ಅನ್ನಿಸಬೇಕು?

ಬೋರಲು ಹಾಕಿ ನೋಡಿದ. ಕೆರೆದ ಜಾಗದ ಸುತ್ತ ಇದ್ದದ್ದು ಬರೀ ತುಕ್ಕಲ್ಲ. ತುಕ್ಕಿನ ಕೆಳಗೆ ಕಪ್ಪು. ಬೆರಳಲ್ಲಿ ತಿಕ್ಕಿದರೆ ಬೆರಳೂ ಕಪ್ಪು. ಒಲೆಯ ಮಸಿ, ಗಟ್ಟಿಯಾಗಿ ಕಬ್ಬಿಣಕ್ಕೆ ಇಳಿದದ್ದು. ಇಂಥ ಕಪ್ಪನ್ನು ಅವನು ಹಿಂದೊಮ್ಮೆ ಗ್ರೈಂಡರ್ ಹಿಡಿದು ತೆಗೆದಿದ್ದ. ಅದರ ಫಲವನ್ನು ಮೂರು ತಿಂಗಳು ಬೆಳಿಗ್ಗೆ ಬೆಳಿಗ್ಗೆ ಚೂರು ಚೂರಾಗಿ ತಿಂದಿದ್ದ. ಕೈಯಲ್ಲಿದ್ದ ಬ್ರಷ್ಷನ್ನು ದೂರ ಇಟ್ಟ.

ಮಧ್ಯಾಹ್ನ ಬುತ್ತಿ ತಂದ ಮಂಜುಳಾ ಒಂದು ಸಲ ನೋಡಿ, "ಇದರಲ್ಲಿ ಅನ್ನ ಬೇಯಿಸವ್ರೆ ಕಣ್ರೀ" ಅಂದಳು. "ನೀವು ಎಲ್ಲಾ ಕೆರೆಯೋದಕ್ಕೆ ಮುಂಚೆ ಅವರ ಮನೆಯವರನ್ನ ಕೇಳಿ."

ಭಾನುವಾರ ಪುಟ್ಟರಾಜು ಬೈಕಿನಲ್ಲಿ ಜಾವಗಲ್ಲು, ಹಳೇಬೀಡು ದಾಟಿ ಮಾದಿಹಳ್ಳಿಗೆ ಹೋದ. ಟೋಪಿಯನ್ನು ಟವೆಲಿನಲ್ಲಿ ಸುತ್ತಿ ಟ್ಯಾಂಕಿನ ಮೇಲೆ ಇಟ್ಟುಕೊಂಡಿದ್ದ. ಮೇಷ್ಟ್ರ ಮನೆಯ ನಡುಮನೆಯಲ್ಲಿ ಬುದ್ಧನ ಫೋಟೋ, ಅಂಬೇಡ್ಕರ್ ಫೋಟೋ. ಅವುಗಳ ಕೆಳಗೆ ಕಂದಿಹೋದ ಒಂದು ಫೋಟೋದಲ್ಲಿ ಗಿಡ್ಡಯ್ಯ ಬಂದೂಕ ಹಿಡಿದು ನಿಂತಿದ್ದ. ಮೇಷ್ಟ್ರ ತಾಯಿ ಚಲುವಮ್ಮ, ಎಪ್ಪತ್ತೆಂಟರ ಮುದುಕಿ, ಗಿಡ್ಡಯ್ಯನ ಸೊಸೆ. ಅವರೆಕಾಯಿ ಸುಲಿಯುತ್ತ ಕೂತಿದ್ದರು.

ಪುಟ್ಟರಾಜು ರಿವೆಟ್ಟು ತೋರಿಸಿದ, ಮಸಿ ತೋರಿಸಿದ. "ಇದ್ಯಾಕೆ ಹಿಂಗೈತೆ ಅವ್ವಾ?"

"ಹಿಂಗಲ್ದೆ ಇನ್ನೆಂಗಿರ್ತದೆ? ಅನ್ನ ಬೇಯ್ಸಿದ್ರೆ ಮಸಿ ಹಿಡೀತದೆ," ಅಂದರು ಚಲುವಮ್ಮ.

ಮೇಷ್ಟ್ರ ಮುಖ ಬಿಳಿಚಿಕೊಂಡಿತು. "ಅವ್ವಾ, ತಾತ ಯುದ್ಧ ಮಾಡಿದ್ದಲ್ವಾ?"

"ಎಲ್ಲಿ ಮಾಡ್ದ? ನಮ್ ಮಾವಯ್ಯ ಬಂದೂಕ ಮುಟ್ಟಿದ್ದು ಆ ಫೋಟ ತೆಗಿಸ್ಕೊಳ್ಳೋವಾಗ ಮಾತ್ರ. ಅದೂ ಫೋಟದೋನ ಬಂದೂಕ. ಅವ್ರೆಲ್ಲಾ ಹೋಗಿದ್ದು ಕಾಡಲ್ಲಿ ರಸ್ತೆ ಕಡಿಯೋಕೆ."

"ಏಳು ಜನ ಜಪಾನಿಯವರನ್ನ..."

"ಏಳಾ? ಹೋದ್ ವರ್ಸ ಐದಿತ್ತಲ್ಲ ಮಗ," ಅಂದರು ಮುದುಕಿ, ಅವರೆಕಾಳು ಎಣಿಸುವವರ ಹಾಗೆ. ಒಳಗಿನಿಂದ ಶಿಲ್ಪಶ್ರೀ ನಕ್ಕದ್ದು ಕೇಳಿಸಿತು.

ಪ್ರತಿ ಆಗಸ್ಟ್ ಹದಿನೈದಕ್ಕೆ ಮೇಷ್ಟ್ರು ಶಾಲೆಯಲ್ಲಿ ತಾತನ ಶೌರ್ಯದ ಭಾಷಣ ಮಾಡುತ್ತಿದ್ದರು. ಸುಳ್ಳು ಹೇಳುವ ಜಾಯಮಾನದವರಲ್ಲ. ಸಣ್ಣವರಿದ್ದಾಗ ಹನುಮಂತಯ್ಯನವರ ಮನೆಯ ಮಕ್ಕಳು, "ನಮ್ಮ ತಾತ ಯುದ್ಧಕ್ಕೆ ಹೋಗಿದ್ರು, ನಿಮ್ಮ ತಾತ ಅವರ ಹಾಸಿಗೆ ಹೊರೋಕೆ ಹೋಗಿದ್ದ" ಎಂದು ಆಡಿಕೊಳ್ಳುತ್ತಿದ್ದರು. ಆ ಉರಿಗೆ ಹುಟ್ಟಿದ ಮೊದಲ ಜಪಾನಿ ಒಬ್ಬನೇ. ಉಳಿದವರು ವರ್ಷ ವರ್ಷ ಬಂದು ಸೇರಿಕೊಂಡರು.

ಚಲುವಮ್ಮ ಮೊರ ಪಕ್ಕಕ್ಕಿಟ್ಟು ನಡೆದದ್ದನ್ನು ಹೇಳಿದರು. ಗಿಡ್ಡಯ್ಯ ಸಾಯುವ ತನಕ ಬಾಯಿ ತುಂಬ ಹೇಳುತ್ತಿದ್ದದ್ದೇ ಅದು. ಅವನು ಸತ್ತಾಗ ಮೇಷ್ಟ್ರು ಇನ್ನೂ ತೊಟ್ಟಿಲಲ್ಲಿದ್ದರು. ಬರ್ಮಾದ ಕಡೆ ಮಳೆಗಾಲ. ಹೊಳೆ ಬಂದು ಸಾಮಾನಿನ ಗಾಡಿ ಕೊಚ್ಚಿಕೊಂಡು ಹೋಯಿತು, ಪಾತ್ರೆ ಪಡಗ ಎಲ್ಲವೂ ಹೋದವು. ಅಡುಗೆಯವನು ಜ್ವರ ಬಂದು ಮಲಗಿದ. ಮಲಗಿದವರಲ್ಲಿ ಸಣ್ಣಪ್ಪನೂ ಒಬ್ಬ. ಗಿಡ್ಡಯ್ಯ ತನ್ನ ಟೋಪಿಯ ಒಳಪಟ್ಟಿ ಕಿತ್ತು, ತೂತಿಗೆ ತಾಮ್ರ ಬಡಿದು, ಮೂರು ಕಲ್ಲಿನ ಮೇಲೆ ಇಟ್ಟು ಇಪ್ಪತ್ತು ಜನಕ್ಕೆ ಗಂಜಿ ಕಾಯಿಸಿದ. ಹದಿನೇಳು ದಿನ ಅದೇ ಟೋಪಿಯಲ್ಲಿ, ಅದೇ ಕೈಯಲ್ಲಿ. ಯಾವ ಜಾತಿಯವನೂ ಬೇಡ ಅನ್ನಲಿಲ್ಲ. ಸಣ್ಣಪ್ಪ ಅಂತೂ ಇನ್ನೊಂದು ಸೌಟು ಹಾಕೋ ಗಿಡ್ಡ ಎಂದು ಕೈ ಮುಗಿಯುತ್ತಿದ್ದನಂತೆ.

"ಅರಸೀಕೆರೆ ಟೇಸನ್ನಾಗೆ ರೈಲು ಇಳಿದ್ರಲ್ಲ, ಅಲ್ಲಿಗೆ ಮುಗೀತು," ಅಂದರು ಚಲುವಮ್ಮ. "ಸಣ್ಣಪ್ಪನೋರಿಗೆ ಜಾತಿ ಜ್ಞಾಪಕ ಬಂತು. ಊರಿಗೆ ಬರೋವಾಗ್ಲೇ ಹತ್ತು ಮಾರು ಮುಂದೆ ನಡೆದ್ರಂತೆ. ನಮ್ ಮಾವಯ್ಯ ಬಿಡೋನಾ? ಬೀದೀಲಿ ಎದುರು ಸಿಕ್ದಾಗೆಲ್ಲಾ, ಪಂಚಾಯ್ತಿ ಕಟ್ಟೆ ಮುಂದೇನೂ ಕೂಗೋನು: ಏನ್ ಸಣ್ಣಪ್ಪನೋರೇ, ಉಪ್ಪು ಸರಿಯಾಗಿತ್ತಾ? ಅಂತ. ಅವ್ರು ಆಕಾಸ ನೋಡ್ಕೊಂಡು ಹೋಗೋರು. ನಲವತ್ತು ವರ್ಸ ಕೇಳ್ದ. ಒಂದ್ ದಿನಾನೂ ಉತ್ರ ಬರ್ಲಿಲ್ಲ."

ಆಮೇಲೆ ಟೋಪಿ ಏನೇನಾಯಿತು ಎಂಬುದನ್ನೂ ಹೇಳಿದರು. ರಾಗಿ ಅಳೆಯಲು ಬಂತು. ಮನೆ ಕಟ್ಟುವಾಗ ಸಿಮೆಂಟು ಕಲಸಲು ಬಂತು. ಕಡೆಗೆ ಕೋಳಿಗೆ ನೀರು ಇಡಲು ಬಂತು.

ಈಗ ತೀರ್ಮಾನ ಆಗಲೇಬೇಕಿತ್ತು. ಶಿಲ್ಪಶ್ರೀ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. "ಉಜ್ಜಿದ್ರೆ ಈ ಮಸಿ ಹೋಗುತ್ತೆ. ತಾತ ಮಾಡಿದ್ದಕ್ಕೆ ಇರೋ ಸಾಕ್ಷಿ ಇದೊಂದೇ," ಅಂದರು.

"ಆದ್ರೆ ಜನ ಏನಂತಾರೆ? ಅಡುಗೆ ಭಟ್ಟ ಅಂತಾರೆ," ಮೇಷ್ಟ್ರು ಗೊಣಗಿದರು.

"ಅನ್ಲಿ ಬಿಡು," ಅಂದರು ಚಲುವಮ್ಮ. "ಏಳು ಜನನ್ನ ಕೊಂದೋನು ಅನ್ನೋದಕ್ಕಿಂತ ಇಪ್ಪತ್ತು ಜನಕ್ಕೆ ಉಣ್ಣಕ್ಕಿಕ್ಕಿದೋನು ಅನ್ನಿಸ್ಕೊಂಡ್ರೆ ನಿಂಗೇನು ಬೇನೆ? ಆದ್ರೆ ಒಂದ್ ಮಾತು. ಇದ್ದಂಗೇ ಇಡ್ತೀವಿ ಅಂತ ಕೋಳಿ ಹಿಕ್ಕೇನೂ ಇಟ್ಕೋಬೇಡಿ ಮತ್ತೆ."

ಇದು ತಮಾಷೆಯ ಮಾತಾದರೂ ಪುಟ್ಟರಾಜುಗೆ ದೊಡ್ಡ ತಲೆನೋವಾಯಿತು. ಪೂರ್ತಿ ಕೆರೆಯುವುದು ಸುಲಭ. ಏನೂ ಮುಟ್ಟದೆ ಬಿಡುವುದೂ ಸುಲಭ. ಯಾವುದು ಇರಬೇಕು, ಯಾವುದು ಹೋಗಬೇಕು ಎಂದು ಒಂದೊಂದು ಚೂರಿಗೂ ಕೇಳಿಕೊಳ್ಳುವುದು ಅವನಿಗೆ ಹೊಸದು. ಶೆಡ್ಡಿಗೆ ಬಂದು ಎರಡು ದಿನ ಅದೇ ಕೆಲಸ ಮಾಡಿದ. ಹಿಕ್ಕೆಯನ್ನು ನೆನೆಸಿ ನೆನೆಸಿ ಹಲ್ಲುಜ್ಜುವ ಬ್ರಷ್ಷಿನಲ್ಲಿ ತೆಗೆದ. ಸಿಮೆಂಟಿನ ಕಲೆ ಬಿಟ್ಟ. ಮಸಿಯನ್ನು ಮುಟ್ಟಲಿಲ್ಲ. ಹೊಪ್ಪಳೆ ಹೊಪ್ಪಳೆಯಾಗಿ ಉದುರುವ ತುಕ್ಕನ್ನು ಮಾತ್ರ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಒಣಗಿಸಿ, ಹತ್ತಿಯಲ್ಲಿ ತೆಳ್ಳಗೆ ಎಣ್ಣೆ ಸವರಿದ. ಮೂವತ್ತೈದು ವರ್ಷದಲ್ಲಿ ತುಕ್ಕಿಗೆ ಎಣ್ಣೆ ಹಚ್ಚಿ ಆರೈಕೆ ಮಾಡಿದ್ದು ಅದೇ ಮೊದಲು. ಯಾರಾದರೂ ನೋಡಿಯಾರು ಎಂದು ಶೆಡ್ಡಿನ ಬಾಗಿಲು ಅರ್ಧ ಎಳೆದುಕೊಂಡಿದ್ದ.

ಬುಧವಾರ ಹನುಮಂತಯ್ಯನವರೇ ಕಾರಿನಲ್ಲಿ ಬಂದರು. ಎಪ್ಪತ್ತು ದಾಟಿದ ದೊಡ್ಡ ಆಳು, ಬಿಳಿ ಪಂಚೆ. ತಂದೆಯ ಟೋಪಿ ನೋಡಿ, "ಭೇಷ್" ಅಂದರು. ಪಕ್ಕದ್ದನ್ನು ನೋಡಿ ಹುಬ್ಬು ಗಂಟಿಕ್ಕಿದರು. "ಇದ್ಯಾಕೆ ಹಿಂಗೇ ಬಿಟ್ಟಿದೀಯ?"

ಪುಟ್ಟರಾಜು ಸುತ್ತಿ ಬಳಸಿ ಮಾತಾಡಿ ಗೊತ್ತಿಲ್ಲದವನು. ರಿವೆಟ್ಟು, ಮಸಿ, ಗಂಜಿ, ಹದಿನೇಳು ದಿನ, ಸಣ್ಣಪ್ಪನವರ ಜ್ವರ, ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದ. ಹೇಳಿ ಮುಗಿಸುವಾಗ ಕೆನ್ನೆಗೆ ಏಟು ಬಿದ್ದರೆ ಯಾವ ಕಡೆ ಬೀಳಬಹುದು ಎಂದು ನೋಡಿಕೊಂಡು ಒಂದು ಹೆಜ್ಜೆ ಹಿಂದೆ ನಿಂತ.

ಹನುಮಂತಯ್ಯನವರು ಬೆಂಚಿನ ಮೇಲೆ ಕೂತುಬಿಟ್ಟರು. ಬಿಳಿ ಪಂಚೆಗೆ ಗ್ರೀಸು ಹತ್ತಿದ್ದೂ ಅವರಿಗೆ ತಿಳಿಯಲಿಲ್ಲ.

"ಗಂಜಿ ಅಂದ್ಯಾ?" ಅಂದರು.

"ಹೂಂ."

"ನಮ್ಮಪ್ಪ ಜೀವಮಾನ ಪೂರ್ತಿ ಗಂಜಿ ಕಾಟ ಕಣೋ. ಜ್ವರ ಬಂದ್ರೆ ಗಂಜಿ ಮಾಡು ಅನ್ನೋನು, ಮಾಡಿಕೊಟ್ರೆ ಒಂದು ಗುಟುಕು ಕುಡಿದು, ಇದಲ್ಲ, ಬರ್ಮಾದ ಗಂಜಿ ಹಿಂಗಿರ್ಲಿಲ್ಲ ಅಂತ ಲೋಟ ದೂರ ತಳ್ಳೋನು. ಯಾರು ಮಾಡ್ತಿದ್ರು ಅಲ್ಲಿ ಅಂದ್ರೆ ಬಾಯಿ ಬಿಡ್ತಿರ್ಲಿಲ್ಲ." ಅವರು ಮೂಗು ಒರೆಸಿಕೊಂಡರು. ಅಳುತ್ತಿದ್ದಾರೋ ನಗುತ್ತಿದ್ದಾರೋ ಪುಟ್ಟರಾಜುಗೆ ಗೊತ್ತಾಗಲಿಲ್ಲ. "ಬರ್ಮಾದಲ್ಲಿ ಒಬ್ಬಳನ್ನ ಇಟ್ಕೊಂಡಿದ್ದ ಅಂತ ನಮ್ಮವ್ವ ಸಾಯೋ ತನಕ ನಂಬಿದ್ಲು. ಆ ಗಂಜಿಯೋಳು, ಆ ಗಂಜಿಯೋಳು ಅಂತ ಅವಳಿಗೆ ದಿನಾ ಶಾಪ ಹಾಕ್ತಿದ್ಲು. ಆ ಗಂಜಿಯೋಳು ನೋಡಿದ್ರೆ ಗಿಡ್ಡಯ್ಯ!"

ಪುಟ್ಟರಾಜು ನಗಬಾರದು ಎಂದು ತುಟಿ ಕಚ್ಚಿಕೊಂಡ. ಹನುಮಂತಯ್ಯನವರೇ ಮೊದಲು ಗೊಳ್ಳೆಂದರು. ಇಬ್ಬರೂ ಶೆಡ್ಡು ಅದುರುವ ಹಾಗೆ ನಕ್ಕರು.

ನಕ್ಕು ಮುಗಿದ ಮೇಲೆ ಹನುಮಂತಯ್ಯನವರು ತಮ್ಮ ತಂದೆಯ ಹಸಿರು ಟೋಪಿಯನ್ನು ಎತ್ತಿಕೊಂಡು ಒಳಗೆ ಹೊರಗೆ ತಿರುಗಿಸಿ ನೋಡಿದರು. ಅವರ ದನಿ ಬದಲಾಯಿತು. "ಇದರಲ್ಲಿ ಏನಿತ್ತೋ?"

"ಗೊತ್ತಿಲ್ಲ ಸ್ವಾಮಿ. ನೋಡ್ಲಿಲ್ಲ. ಉಜ್ಜಿಬಿಟ್ಟೆ."

"ನೋಡದೆ ಉಜ್ಜಿದ್ಯಾ?"

"ಫಳಫಳ ಅನ್ನಬೇಕು ಅಂದಿದ್ರಿ."

ಹನುಮಂತಯ್ಯನವರು ಟೋಪಿಯನ್ನು ಬೆಂಚಿನ ಮೇಲಿಟ್ಟು ಕೇಳಿದರು: "ವಾಪಸ್ ತುಕ್ಕು ಹಿಡಿಸೋಕಾಗುತ್ತಾ?"

ಆಗುತ್ತಿತ್ತು. ಬಣ್ಣ ತೆಗೆದು, ಉಪ್ಪುನೀರು ಹಾಕಿ, ವಾರ ಹೊರಗಿಟ್ಟರೆ ನೂರು ವರ್ಷದ ತುಕ್ಕಿನ ಹಾಗೆ ಕಾಣಿಸಬಹುದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಪುಟ್ಟರಾಜು ತಲೆ ಅಲ್ಲಾಡಿಸಿದ. "ಹಿಡಿಸಬೋದು. ಆದ್ರೆ ಅದು ಅರಸೀಕೆರೆ ತುಕ್ಕಾಗುತ್ತೆ ಸ್ವಾಮಿ, ಬರ್ಮಾದ್ದಾಗಲ್ಲ."

ಅವರು ಹೋದ ಮೇಲೆ ಅವನಿಗೆ ಅನ್ನ ಸೇರಲಿಲ್ಲ. ಶೆಡ್ಡಿನ ಮೂಲೆಯ ಕಸದ ಡ್ರಮ್ಮನ್ನು ಬೋರಲು ಹಾಕಿ, ಎಮರಿ ಪೇಪರು, ತಗಡಿನ ಚೂರು, ಟೀ ಲೋಟಗಳ ನಡುವೆ ಕೈಯಾಡಿಸಿದ. ಸಣ್ಣಪ್ಪನವರ ಟೋಪಿಯಿಂದ ಕತ್ತರಿಸಿ ಎಸೆದ ಚರ್ಮದ ಪಟ್ಟಿ ಸಿಕ್ಕಿತು. ಒಣಗಿ ಸೆಟೆದಿತ್ತು. ಅದರ ಗದ್ದಕ್ಕೆ ಬಿಗಿಯುವ ತುದಿಯಲ್ಲಿ ಮೂರು ಕಡೆ ಹೊಸದಾಗಿ ತೂತು ಕೊರೆದು ಪಟ್ಟಿಯನ್ನು ಗಿಡ್ಡ ಮಾಡಿದ ಗುರುತಿತ್ತು. ಜ್ವರದಲ್ಲಿ ಮುಖ ಸೊರಗಿದ ಹಾಗೆಲ್ಲ ಸಣ್ಣಪ್ಪನವರು ಬಿಗಿ ಮಾಡಿಕೊಂಡಿದ್ದರೋ ಏನೋ. ಪುಟ್ಟರಾಜು ಅದನ್ನು ಒರೆಸಿ, ಮಾರನೇ ದಿನವೇ ಮೊದಲ ಬಸ್ಸಿಗೆ ಮಾದಿಹಳ್ಳಿಗೆ ಹೋಗಿ ಹನುಮಂತಯ್ಯನವರ ಕೈಗೆ ಕೊಟ್ಟು ಬಂದ. ಅವರು ಬೈಯಲಿಲ್ಲ. ಕಾಫಿ ಕೊಟ್ಟರು.

ಲೈಬ್ರರಿಯ ಗಾಜಿನ ಪೆಟ್ಟಿಗೆಯಲ್ಲಿ ಎರಡೂ ಟೋಪಿ ಅಕ್ಕಪಕ್ಕ ಕೂತವು. ಚೀಟಿ ಬರೆದವರು ಶಿಲ್ಪಶ್ರೀ. ಒಂದರ ಮುಂದೆ: "ಸಣ್ಣಪ್ಪನವರ ಟೋಪಿ. ಇತ್ತೀಚೆಗೆ ಅರಸೀಕೆರೆಯಲ್ಲಿ ಹೊಸ ಬಣ್ಣ ಬಳಿಯಲಾಗಿದೆ. ಪಟ್ಟಿ ಮಾತ್ರ ಹಳೆಯದು." ಇನ್ನೊಂದರ ಮುಂದೆ: "ಗಿಡ್ಡಯ್ಯನವರ ಟೋಪಿ. ಬರ್ಮಾದಲ್ಲಿ ಹದಿನೇಳು ದಿನ ಇದರಲ್ಲಿ ಗಂಜಿ ಬೇಯಿಸಿದರು." ಬಂದವರೆಲ್ಲ ಹಸಿರು ಟೋಪಿಯನ್ನು ಒಂದು ಸಲ ನೋಡಿ, ಮಸಿ ಹಿಡಿದದ್ದರ ಮುಂದೆ ಗುಂಪುಗೂಡಿದರು. ಮೇಷ್ಟ್ರು ಭಾಷಣ ಮಾಡಿದರು. ಒಬ್ಬ ಜಪಾನಿಯೂ ಸಾಯಲಿಲ್ಲ. ಭಾಷಣ ಮೊದಲಿಗಿಂತ ಚಿಕ್ಕದಾಗಿತ್ತು, ಚೆನ್ನಾಗಿಯೂ ಇತ್ತು.

ಜನ ಕರಗಿದ ಮೇಲೆ ಹನುಮಂತಯ್ಯನವರು ಚಲುವಮ್ಮನ ಹತ್ತಿರ ಬಂದು ನಿಂತರು. ಒಂದೇ ಊರಲ್ಲಿ ಅರವತ್ತು ವರ್ಷ ಇದ್ದು ಅವರಿಬ್ಬರೂ ಇಷ್ಟು ಹತ್ತಿರ ನಿಂತದ್ದನ್ನು ಯಾರೂ ನೋಡಿರಲಿಲ್ಲ.

"ಆ ಗಂಜಿ ಹೆಂಗೆ ಮಾಡ್ತಿದ್ರಂತೆ ಚಲುವಮ್ಮ? ಗಿಡ್ಡಯ್ಯ ಏನಾದ್ರೂ ಹೇಳಿದ್ರಾ?"

"ಅಯ್ಯೋ, ಎಲ್ಲಿ ಹೇಳ್ದ? ಮನೇಲಿ ಒಂದ್ ದಿನ ಒಲೆ ಮುಂದೆ ಕೂತೋನಲ್ಲ ಆ ಪುಣ್ಯಾತ್ಮ. ನನ್ನ ಪಾಲಿನ ಅಡುಗೆ ಬರ್ಮಾದಾಗೇ ಮುಗೀತು ಅನ್ನೋನು." ಮುದುಕಿ ಅವರನ್ನು ಮೇಲಿಂದ ಕೆಳಗೆ ನೋಡಿದರು. "ನಂಗೆ ಬರೋ ಹಂಗೆ ಮಾಡಿಕ್ತೀನಿ. ಸೋಮವಾರ ಬನ್ನಿ."

ಹೋದರೋ ಇಲ್ಲವೋ ಎಂದು ಪುಟ್ಟರಾಜುಗೆ ತಿಳಿದದ್ದು ಹತ್ತು ದಿನ ಬಿಟ್ಟು, ಮೇಷ್ಟ್ರು ತಮ್ಮ ಸ್ಕೂಟರಿನ ಮಡ್‌ಗಾರ್ಡ್ ಸರಿಮಾಡಿಸಲು ಬಂದಾಗ. ಅವನು ಲಾರಿಯ ಕೆಳಗಿದ್ದ.

"ಬಂದಿದ್ರು ಕಣ್ರೀ," ಅಂದರು ಮೇಷ್ಟ್ರು, ಬಗ್ಗಿ. "ಜಗಲಿ ಮೇಲೇ ಕೂರ್ತೀನಿ ಅಂದ್ರು. ಗಂಜಿ ಒಳಗೈತೆ, ಕುಡಿಯೋರು ಒಳಗೆ ಬರಬೇಕು ಅಂದ್ಲು ನಮ್ಮವ್ವ. ಅರ್ಧ ಗಂಟೆ ಜಗಲೀಲೇ ಕೂತಿದ್ರು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದ್ರು."

ಪುಟ್ಟರಾಜು ಮುಖದ ಮೇಲೆ ಬಿದ್ದ ತುಕ್ಕಿನ ಪುಡಿ ಒರೆಸಿಕೊಂಡ. "ಗಂಜಿ ಹೆಂಗಿತ್ತಂತೆ?"

"ಗಂಟು ಗಂಟಾಗಿತ್ತು," ಅಂದರು ಮೇಷ್ಟ್ರು. "ಎರಡು ಬಟ್ಟಲು ಕುಡಿದ್ರು."